ಹೆಸರು ಒಂದೇ ವಿಂಡೋಸ್, ನೆಲೆಗಳು ಹಲವು: ಆಪ್ ತಯಾರಕರನ್ನು ಕಾಡುವ ಹೊಂದಾಣಿಕೆಯ ಸಮಸ್ಯೆ

1995ರಲ್ಲಿ ವಿಂಡೋಸ್ 95ಕ್ಕೆಂದು ಬರೆದ 32 ಬಿಟ್‌ನ ತಂತ್ರಾಂಶವೊಂದನ್ನು ಇಂದಿನ ವಿಂಡೋಸ್ 11 ಗಣಕದಲ್ಲಿ ಚಾಲನೆ ಮಾಡಿದರೆ ಅನೇಕ ಸಂದರ್ಭಗಳಲ್ಲಿ ಅದು ಯಥಾಪ್ರಕಾರ ಕೆಲಸ ಮಾಡುತ್ತದೆ. ಆದರೆ 2010ರಲ್ಲಿ ವಿಂಡೋಸ್ ಫೋನ್ 7ಕ್ಕೆಂದು ಬರೆದ ಆಪ್ ಒಂದನ್ನು ಇಂದು ಹೊಸದಾಗಿ ಕೊಳ್ಳಬಹುದಾದ ಯಾವ ಫೋನಿನಲ್ಲಿಯೂ ನಡೆಸಲು ಸಾಧ್ಯವಿಲ್ಲ. ಎರಡೂ ಒಂದೇ ಕಂಪನಿಯ ಉತ್ಪನ್ನಗಳಿಗಾಗಿ ಬರೆದವು. ಎರಡು ನೆಲೆಗಳ ಹೆಸರಿನಲ್ಲಿಯೂ ವಿಂಡೋಸ್ ಎಂಬ ಪದವಿದೆ. ಮೂವತ್ತು ವರ್ಷಗಳಷ್ಟು ಹಳೆಯ ತಂತ್ರಾಂಶ ಬದುಕಿ ಉಳಿದಿದೆ, ಅದರ ಅರ್ಧದಷ್ಟು ವಯಸ್ಸಿನದು ನಿರುಪಯುಕ್ತವಾಗಿದೆ. ಡೆಸ್ಕ್‌ಟಾಪ್ ಹಾಗೂ ಮೊಬೈಲ್ ಎರಡಕ್ಕೂ ತಂತ್ರಾಂಶ ಸಿದ್ಧಪಡಿಸಲು ಹೊರಟವರ ಶ್ರಮ ಹೇಗೆ ಪೋಲಾಯಿತು, ಮುಂದೆ ಹಾಗಾಗದಂತೆ ಏನು ಮಾಡಬಹುದು ಎಂಬುದಕ್ಕೆ ಉತ್ತರ ಈ ವ್ಯತ್ಯಾಸದಲ್ಲಿಯೇ ಇದೆ.

ನೆಲೆ ಎಂದರೇನು?

ತಂತ್ರಾಂಶವೊಂದು ತಾನಾಗಿಯೇ ಓಡುವುದಿಲ್ಲ. ಅದರ ಕೆಳಗೆ ಕನಿಷ್ಠ ಮೂರು ಪದರಗಳಿರುತ್ತವೆ. ತೀರಾ ಕೆಳಗಿರುವುದು ಪ್ರೊಸೆಸರ್. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಿಗೆ ಅರ್ಥವಾಗುವ ಯಂತ್ರಭಾಷೆ ಮೊಬೈಲ್‌ಗಳಲ್ಲಿರುವ ಆರ್ಮ್ ಪ್ರೊಸೆಸರ್‌ಗಳಿಗೆ ಅರ್ಥವಾಗುವುದಿಲ್ಲ. ಅದರ ಮೇಲಿನದು ಕಾರ್ಯಾಚರಣೆ ವ್ಯವಸ್ಥೆ. ಕಡತ ತೆರೆಯುವುದು, ಪರದೆಯ ಮೇಲೆ ಅಕ್ಷರ ಮೂಡಿಸುವುದು, ಮುದ್ರಕಕ್ಕೆ ಕಳುಹಿಸುವುದು ಮುಂತಾದ ಸೇವೆಗಳನ್ನು ತಂತ್ರಾಂಶವು ಇದರಿಂದಲೇ ಕೇಳಿ ಪಡೆಯಬೇಕು. ಹೀಗೆ ಕೇಳುವ ಕ್ರಮಕ್ಕೆ ಎಪಿಐ ಎಂದು ಹೆಸರು. ಮೂರನೆಯದು ಡಾಟ್ ನೆಟ್, ಸಿಲ್ವರ್‌ಲೈಟ್‌ನಂತಹ ಸಿದ್ಧ ಚೌಕಟ್ಟುಗಳು. ತಯಾರಕರು ಸಾಮಾನ್ಯವಾಗಿ ಕೆಲಸ ಮಾಡುವುದು ಈ ಪದರದ ಮೇಲೆಯೇ.

ಈ ಮೂರರಲ್ಲಿ ಯಾವುದೊಂದು ಬದಲಾದರೂ ಮೇಲಿರುವ ತಂತ್ರಾಂಶ ಕುಸಿಯಬಹುದು. ಮೂರೂ ಒಟ್ಟಿಗೆ ಬದಲಾದರೆ ಅದನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ. ವಿಂಡೋಸ್ ಡೆಸ್ಕ್‌ಟಾಪ್‌ನಲ್ಲಿ ಆದದ್ದು ಮೊದಲನೆಯ ಬಗೆಯ ಬದಲಾವಣೆ, ವಿಂಡೋಸ್ ಮೊಬೈಲ್‌ನಲ್ಲಿ ಮತ್ತೆ ಮತ್ತೆ ಆದದ್ದು ಎರಡನೆಯದು.

ಡೆಸ್ಕ್‌ಟಾಪ್: ಹಳೆಯದನ್ನು ಕೈಬಿಡದ ನೀತಿ

ಡೆಸ್ಕ್‌ಟಾಪ್‌ನಲ್ಲಿ ಹಳೆಯ ತಂತ್ರಾಂಶಗಳನ್ನು ಉಳಿಸಿಕೊಳ್ಳಲು ಮೈಕ್ರೋಸಾಫ್ಟ್ ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ಸಿಮ್‌ಸಿಟಿ ಎಂಬ ಜನಪ್ರಿಯ ಆಟದಲ್ಲಿ ಒಂದು ದೋಷವಿತ್ತು. ಬಳಸಿ ಮುಗಿದು ಹಿಂತಿರುಗಿಸಿದ ಸ್ಮೃತಿಭಾಗವನ್ನು ಅದು ಮತ್ತೆ ಓದುತ್ತಿತ್ತು. ಹಳೆಯ ವ್ಯವಸ್ಥೆಯಲ್ಲಿ ಇದರಿಂದ ತೊಂದರೆಯಾಗದಿದ್ದರೂ ವಿಂಡೋಸ್ 95ರಲ್ಲಿ ಆಟ ನಿಂತುಹೋಗುತ್ತಿತ್ತು. ತಪ್ಪು ಆಟದ್ದೇ ಆಗಿದ್ದರೂ ಮೈಕ್ರೋಸಾಫ್ಟ್ ತನ್ನ ಕಾರ್ಯಾಚರಣೆ ವ್ಯವಸ್ಥೆಯಲ್ಲಿಯೇ ಒಂದು ವಿಶೇಷ ಏರ್ಪಾಟು ಮಾಡಿತು. ಸಿಮ್‌ಸಿಟಿ ಓಡುತ್ತಿದೆಯೆಂದು ಗೊತ್ತಾದರೆ ಹಿಂತಿರುಗಿಸಿದ ಸ್ಮೃತಿಯನ್ನು ತಕ್ಷಣ ಬೇರೆಡೆಗೆ ಕೊಡದಂತೆ ನೋಡಿಕೊಂಡಿತು.

ಆವೃತ್ತಿಯ ಸಂಖ್ಯೆಯಲ್ಲಿಯೂ ಇದೇ ಎಚ್ಚರ ಕಾಣುತ್ತದೆ. ವಿಂಡೋಸ್ ವಿಸ್ತಾದ ಒಳಸಂಖ್ಯೆ 6.0. 2009ರಲ್ಲಿ ಬಂದ ವಿಂಡೋಸ್ 7ರ ಒಳಸಂಖ್ಯೆ 7 ಅಲ್ಲ, 6.1. ಮೊದಲ ಅಂಕಿ ಬದಲಾದರೆ ಅದನ್ನು ಪರಿಶೀಲಿಸುವ ಅನೇಕ ತಂತ್ರಾಂಶಗಳು ತಮಗೆ ಒಗ್ಗದ ವ್ಯವಸ್ಥೆಯೆಂದು ತಿಳಿದು ಓಡಲು ನಿರಾಕರಿಸುತ್ತವೆ ಎಂಬುದೇ ಇದಕ್ಕೆ ಕಾರಣ. ವಿಂಡೋಸ್ 8.1ರಿಂದೀಚೆಗೆ ವ್ಯವಸ್ಥೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೊಸ ಆವೃತ್ತಿಗೆ ತಾನು ಸಿದ್ಧನೆಂದು ಘೋಷಿಸಿಕೊಳ್ಳದ ತಂತ್ರಾಂಶವು ಹಳೆಯ ಕ್ರಮದಲ್ಲಿ ಆವೃತ್ತಿ ಕೇಳಿದರೆ ವಿಂಡೋಸ್ 8ರ 6.2 ಎಂಬ ಉತ್ತರವೇ ಸಿಗುತ್ತದೆ.

1998ರಲ್ಲಿ ಬಂದ ವಿಷುವಲ್ ಬೇಸಿಕ್ 6 ಮತ್ತೊಂದು ಉದಾಹರಣೆ. ಅದರಲ್ಲಿ ತಂತ್ರಾಂಶ ಬರೆಯುವ ಸಾಧನಕ್ಕೆ ನೀಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2008ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಆದರೆ ಅದರಲ್ಲಿ ಬರೆದ ತಂತ್ರಾಂಶಗಳನ್ನು ಓಡಿಸಲು ಬೇಕಾದ ಮೂಲಭಾಗ ವಿಂಡೋಸ್ 11ರಲ್ಲಿಯೂ ಇದೆ. ಅಂಗಡಿ, ಸಹಕಾರ ಸಂಘ, ಶಾಲೆಗಳ ಲೆಕ್ಕಪತ್ರಕ್ಕಾಗಿ ಆ ಕಾಲದಲ್ಲಿ ಬರೆಸಿಕೊಂಡ ತಂತ್ರಾಂಶಗಳು ಇನ್ನೂ ನಡೆಯಬಲ್ಲವು ಎಂದರೆ ಅದಕ್ಕೆ ಈ ನೀತಿಯೇ ಕಾರಣ.

ಹಾಗೆಂದು ಡೆಸ್ಕ್‌ಟಾಪ್‌ನಲ್ಲಿ ತೊಡಕುಗಳಿಲ್ಲವೆಂದಲ್ಲ. 16 ಬಿಟ್ ತಂತ್ರಾಂಶಗಳು 64 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ. ವಿಂಡೋಸ್ 11 ಬಂದಿರುವುದು 64 ಬಿಟ್‌ನಲ್ಲಿ ಮಾತ್ರ. 2007ರ ಆರಂಭದಲ್ಲಿ ಸಾರ್ವಜನಿಕರ ಕೈಸೇರಿದ ವಿಸ್ತಾ, ಪ್ರೋಗ್ರಾಂ ಫೈಲ್ಸ್ ಎಂಬ ಕಡತಕೋಶದೊಳಗೆ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಮನಬಂದಂತೆ ಬರೆಯುವುದನ್ನು ತಡೆಯಿತು. ಹಳೆಯ ತಂತ್ರಾಂಶ ಅಲ್ಲಿಗೆ ಬರೆದದ್ದನ್ನು ವ್ಯವಸ್ಥೆಯು ಗುಟ್ಟಾಗಿ ಪ್ರತಿ ಬಳಕೆದಾರನ ಬೇರೊಂದು ಜಾಗಕ್ಕೆ ತಿರುಗಿಸುತ್ತದೆ. ಒಂದೇ ಗಣಕದಲ್ಲಿ ಒಬ್ಬರು ನಮೂದಿಸಿದ ಲೆಕ್ಕ ಮತ್ತೊಬ್ಬರ ಹೆಸರಿನಲ್ಲಿ ಲಾಗಿನ್ ಆದಾಗ ಕಾಣದಿರುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಮತ್ತೊಂದು ತೊಡಕು ಮೈಕ್ರೋಸಾಫ್ಟ್ ಆಕ್ಸೆಸ್‌ನ ಹಳೆಯ ದತ್ತಸಂಚಯಗಳಿಗೆ ಸಂಬಂಧಿಸಿದ್ದು. ಅವುಗಳನ್ನು ಓದುವ ಜೆಟ್ 4.0 ಎಂಬ ಸಂಪರ್ಕಭಾಗ 32 ಬಿಟ್‌ನಲ್ಲಿ ಮಾತ್ರ ಲಭ್ಯ. ತಂತ್ರಾಂಶವು 64 ಬಿಟ್ ಆಗಿ ಓಡಿದರೆ ಅಂತಹ ಸಂಪರ್ಕಭಾಗ ಗಣಕದಲ್ಲಿ ನೋಂದಣಿಯಾಗಿಲ್ಲ ಎಂಬ ದೋಷಸೂಚನೆ ಬರುತ್ತದೆ. ದತ್ತಾಂಶ ಸುರಕ್ಷಿತವಾಗಿಯೇ ಇರುತ್ತದೆ, ಸಂಪರ್ಕಭಾಗವೂ ಡಿಸ್ಕಿನಲ್ಲಿ ಇರುತ್ತದೆ. ಆದರೆ 64 ಬಿಟ್‌ನ ತಂತ್ರಾಂಶಕ್ಕೆ 32 ಬಿಟ್‌ನ ಭಾಗವನ್ನು ತನ್ನೊಳಗೆ ಸೇರಿಸಿಕೊಳ್ಳಲಾಗದು. ತಂತ್ರಾಂಶವನ್ನು 32 ಬಿಟ್‌ಗೆಂದೇ ಮರಳಿ ಕಂಪೈಲ್ ಮಾಡಿದರೆ ಸಮಸ್ಯೆ ಮಾಯವಾಗುತ್ತದೆ. ಇಂತಹ ತೊಡಕುಗಳಿಗೆ ಡೆಸ್ಕ್‌ಟಾಪ್‌ನಲ್ಲಿ ಒಂದಲ್ಲ ಒಂದು ಪರಿಹಾರ ಇದ್ದೇ ಇರುತ್ತದೆ ಎಂಬುದು ಗಮನಾರ್ಹ.

ಮೊಬೈಲ್: ಮತ್ತೆ ಮತ್ತೆ ಕುಸಿದ ಅಡಿಪಾಯ

ಅಂಗೈಯಲ್ಲಿ ಹಿಡಿಯುವ ಸಾಧನಗಳಿಗಾಗಿ ಮೈಕ್ರೋಸಾಫ್ಟ್ 1996ರಲ್ಲಿ ವಿಂಡೋಸ್ ಸಿಇ ಹೊರತಂದಿತು. 2000ದಲ್ಲಿ ಬಂದ ಪಾಕೆಟ್ ಪಿಸಿಗಳು ಇದನ್ನೇ ಆಧರಿಸಿದ್ದವು. ಅವುಗಳಲ್ಲಿ ಮಿಪ್ಸ್, ಎಸ್‌ಎಚ್3, ಆರ್ಮ್ ಎಂಬ ಮೂರು ಬಗೆಯ ಪ್ರೊಸೆಸರ್‌ಗಳಿದ್ದುದರಿಂದ ತಯಾರಕರು ಒಂದೇ ತಂತ್ರಾಂಶವನ್ನು ಮೂರು ಬಾರಿ ಕಂಪೈಲ್ ಮಾಡಿ ಹಂಚಬೇಕಿತ್ತು. ಪಾಕೆಟ್ ಪಿಸಿ 2002ರಲ್ಲಿ ಆರ್ಮ್ ಒಂದನ್ನೇ ಉಳಿಸಿಕೊಳ್ಳಲಾಯಿತು. ಮುಂದೆ ವಿಂಡೋಸ್ ಮೊಬೈಲ್ ಎಂಬ ಹೆಸರಿನಲ್ಲಿ ಬೆಳೆದ ಈ ನೆಲೆ 2009ರಲ್ಲಿ 6.5ನೇ ಆವೃತ್ತಿಯವರೆಗೆ ಬಂದಿತು.

ಅಷ್ಟರಲ್ಲಿ ಐಫೋನ್ ಹಾಗೂ ಆಂಡ್ರಾಯ್ಡ್ ಮಾರುಕಟ್ಟೆಯ ಚಿತ್ರವನ್ನೇ ಬದಲಿಸಿದ್ದವು. 2010ರ ಅಂತ್ಯದಲ್ಲಿ ಬಂದ ವಿಂಡೋಸ್ ಫೋನ್ 7, ವಿಂಡೋಸ್ ಮೊಬೈಲ್‌ನ ಆಪ್‌ಗಳಾವುದನ್ನೂ ಸ್ವೀಕರಿಸಲಿಲ್ಲ. ಸಿಲ್ವರ್‌ಲೈಟ್ ಹಾಗೂ ಎಕ್ಸ್‌ಎನ್‌ಎ ಎಂಬ ಎರಡು ಚೌಕಟ್ಟುಗಳಲ್ಲಿ ಮಾತ್ರ ಆಪ್ ಬರೆಯಬೇಕಿತ್ತು. ಸಾಮಾನ್ಯ ತಯಾರಕರಿಗೆ ಸಿ++ ಬಳಸಲು ಅವಕಾಶವಿರಲಿಲ್ಲ. ಸಿ, ಸಿ++ ಭಾಷೆಗಳಲ್ಲಿ ಬರೆದ ಸಿದ್ಧ ಭಾಗಗಳನ್ನು ಐಫೋನ್, ಆಂಡ್ರಾಯ್ಡ್ ಮತ್ತು ಡೆಸ್ಕ್‌ಟಾಪ್‌ಗಳಲ್ಲಿ ಹಂಚಿಕೊಳ್ಳುತ್ತಿದ್ದವರಿಗೆ ಇದರಿಂದ ಬಾಗಿಲು ಮುಚ್ಚಿದಂತಾಯಿತು.

2012ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಫೋನ್ 8 ಅನ್ನು ಪ್ರಕಟಿಸಿತು. ವಿಂಡೋಸ್ ಸಿಇಯ ಬುಡವನ್ನು ತೆಗೆದು ಡೆಸ್ಕ್‌ಟಾಪ್‌ನ ಎನ್‌ಟಿ ಬುಡವನ್ನು ಅಳವಡಿಸಲಾಗಿತ್ತು. ತಾಂತ್ರಿಕವಾಗಿ ಇದು ಸರಿಯಾದ ಹೆಜ್ಜೆಯೇ. ಆದರೆ ವಿಂಡೋಸ್ ಫೋನ್ 7 ಇದ್ದ ಯಾವ ಫೋನಿಗೂ ಹೊಸ ಆವೃತ್ತಿ ಸಿಗುವುದಿಲ್ಲವೆಂದು ತಿಳಿದುಬಂತು. ಎರಡು ತಿಂಗಳ ಹಿಂದಷ್ಟೇ ಅಮೆರಿಕದ ಮಾರುಕಟ್ಟೆಗೆ ಬಂದಿದ್ದ ನೋಕಿಯಾದ ಲೂಮಿಯಾ 900 ಕೂಡ ಈ ಪಟ್ಟಿಯಲ್ಲಿ ಸೇರಿತು. ಹಳೆಯ ಆಪ್ ಹೊಸ ಫೋನಿನಲ್ಲಿ ಓಡುತ್ತಿತ್ತು. ಹೊಸ ಸೌಲಭ್ಯ ಬಳಸಿದ ಆಪ್ ಹಳೆಯ ಫೋನಿನಲ್ಲಿ ಓಡುತ್ತಿರಲಿಲ್ಲ. ಇದರಿಂದ ತಯಾರಕರು ಎರಡು ಆವೃತ್ತಿಗಳನ್ನು ಒಟ್ಟಿಗೆ ಸಾಕಬೇಕಾಯಿತು.

ಒಂದೇ ಭಾಷೆ, ಬೇರೆ ಬೇರೆ ವಿಳಾಸ

ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಂಡೋಸ್ 8 ಬಿಡುಗಡೆಯಾಯಿತು. ಫೋನ್ ಮತ್ತು ಡೆಸ್ಕ್‌ಟಾಪ್ ಈಗ ಒಂದೇ ಬುಡದ ಮೇಲೆ ನಿಂತಿದ್ದವು. ಎರಡಕ್ಕೂ ಸಿ ಶಾರ್ಪ್ ಭಾಷೆಯಲ್ಲಿ, ಜಾಮಲ್ ಎಂಬ ವಿನ್ಯಾಸ ಭಾಷೆಯಲ್ಲಿ ಆಪ್ ಬರೆಯಬಹುದಿತ್ತು. ಹೀಗಾಗಿ ಒಮ್ಮೆ ಬರೆದರೆ ಎರಡೂ ಕಡೆ ನಡೆಯುತ್ತದೆಂಬ ನಿರೀಕ್ಷೆ ಸಹಜವೇ ಆಗಿತ್ತು. ಅದು ಸುಳ್ಳಾದುದು ಸಣ್ಣ ಸಣ್ಣ ವಿವರಗಳಲ್ಲಿ.

ಪರದೆಯ ಮೇಲಿನ ಬಟನ್ ಒಂದನ್ನೇ ತೆಗೆದುಕೊಳ್ಳಬಹುದು. ಫೋನಿನಲ್ಲಿ ಅದು ‘ಸಿಸ್ಟಂ.ವಿಂಡೋಸ್.ಕಂಟ್ರೋಲ್ಸ್’ ಎಂಬ ವಿಳಾಸದಲ್ಲಿತ್ತು. ವಿಂಡೋಸ್ 8ರ ಹೊಸ ಆಪ್‌ಗಳಲ್ಲಿ ಅದೇ ಹೆಸರಿನ ಬಟನ್ ‘ವಿಂಡೋಸ್.ಯುಐ.ಜಾಮಲ್.ಕಂಟ್ರೋಲ್ಸ್’ ಎಂಬ ವಿಳಾಸಕ್ಕೆ ಸ್ಥಳಾಂತರಗೊಂಡಿತ್ತು. ಹೆಸರು, ರೂಪ, ಕೆಲಸ ಎಲ್ಲವೂ ಹೆಚ್ಚುಕಡಿಮೆ ಒಂದೇ. ವಿಳಾಸ ಬೇರೆಯಾದುದರಿಂದ ಒಂದೆಡೆ ಕಂಪೈಲ್ ಆದ ಕಡತ ಮತ್ತೊಂದೆಡೆ ಆಗುತ್ತಿರಲಿಲ್ಲ.

ಬಳಕೆದಾರನಿಗೆ ಒಂದು ಸಾಲಿನ ಸಂದೇಶ ತೋರಿಸುವ ಆದೇಶವೂ ಎರಡರಲ್ಲಿ ಬೇರೆ ಬೇರೆ. ಇನ್ನು ಕಡತ ಓದುವ ವಿಷಯದಲ್ಲಿ ವ್ಯತ್ಯಾಸ ಮತ್ತಷ್ಟು ಆಳವಾಗಿತ್ತು. 50 ಮಿಲಿಸೆಕೆಂಡ್‌ಗಿಂತ ಹೆಚ್ಚು ಸಮಯ ಹಿಡಿಯಬಹುದಾದ ಯಾವ ಕೆಲಸವೂ ಪರದೆಯನ್ನು ತಡೆದು ನಿಲ್ಲಿಸಬಾರದೆಂಬ ತತ್ವದ ಮೇಲೆ ವಿಂಡೋಸ್ 8ರ ಹೊಸ ಎಪಿಐ ರೂಪುಗೊಂಡಿತ್ತು. ಆದೇಶ ಕೊಟ್ಟು, ಫಲಿತಾಂಶ ಬಂದಾಗ ಮುಂದುವರಿಯುವ ಕ್ರಮದಲ್ಲಿಯೇ ಬರೆಯಬೇಕಿತ್ತು. ಬಳಕೆದಾರನಿಗೆ ಇದರಿಂದ ಲಾಭವೇ ಆದರೂ, ಕಡತವನ್ನು ನೇರವಾಗಿ ಓದಿ ಮುಂದಿನ ಸಾಲಿಗೆ ಹೋಗುವಂತೆ ಬರೆದ ಹಳೆಯ ಸಾವಿರಾರು ಸಾಲುಗಳನ್ನು ಬಿಚ್ಚಿ ಮರಳಿ ಹೆಣೆಯುವ ಕೆಲಸ ತಯಾರಕನ ಹೆಗಲಿಗೆ ಬಿತ್ತು.

ಭೂಪಟ ತೋರಿಸಲು ಫೋನಿನಲ್ಲಿ ಒಂದು ಭಾಗ, ವಿಂಡೋಸ್ 8ರಲ್ಲಿ ಬಿಂಗ್ ಮ್ಯಾಪ್ಸ್‌ನ ಬೇರೊಂದು ಭಾಗ. ಬಿಂಗ್‌ನ ಭಾಗ ಸಿ++ನಲ್ಲಿ ರಚಿತವಾಗಿದ್ದುದರಿಂದ ಅದನ್ನು ಬಳಸಿದ ಆಪ್ ಅನ್ನು 32 ಬಿಟ್, 64 ಬಿಟ್, ಆರ್ಮ್ ಎಂದು ಪ್ರತ್ಯೇಕವಾಗಿ ಕಂಪೈಲ್ ಮಾಡಬೇಕಿತ್ತು. ಹತ್ತು ವರ್ಷಗಳ ಹಿಂದೆ ಪಾಕೆಟ್ ಪಿಸಿ ತಯಾರಕರು ಎದುರಿಸಿದ್ದ ಮೂರು ಕಂಪೈಲ್‌ಗಳ ಕಾಟ ಹೀಗೆ ಮರಳಿ ಬಂದಿತ್ತು.

ಬಳಕೆದಾರರಿಗೂ ಗೊಂದಲ ತಪ್ಪಲಿಲ್ಲ. ವಿಂಡೋಸ್ 8ರ ಜೊತೆಯಲ್ಲಿಯೇ ಬಂದ ಸರ್ಫೇಸ್ ಆರ್‌ಟಿ ಎಂಬ ಟ್ಯಾಬ್ಲೆಟ್‌ನಲ್ಲಿ ಆರ್ಮ್ ಪ್ರೊಸೆಸರ್ ಇತ್ತು. ನೋಡಲು ವಿಂಡೋಸ್‌ನಂತೆಯೇ ಇದ್ದರೂ ಅದರಲ್ಲಿ ಹೊರಗಿನವರ ಹಳೆಯ ಡೆಸ್ಕ್‌ಟಾಪ್ ತಂತ್ರಾಂಶಗಳನ್ನು ಅಳವಡಿಸಲು ಆಗುತ್ತಿರಲಿಲ್ಲ. ಮಾರಾಟವಾಗದೆ ಉಳಿದ ದಾಸ್ತಾನಿನ ಹಿನ್ನೆಲೆಯಲ್ಲಿ 2013ರ ಜುಲೈನಲ್ಲಿ ಮೈಕ್ರೋಸಾಫ್ಟ್ 90 ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ಬರೆದುಕೊಂಡಿತು.

ಎಲ್ಲಕ್ಕೂ ಒಂದೇ ಆಪ್ ಎಂಬ ಕನಸು

ಈ ಒಡಕನ್ನು ಮುಚ್ಚಲು 2015ರ ಜುಲೈ 29ರಂದು ಬಂದ ವಿಂಡೋಸ್ 10ರೊಂದಿಗೆ ಯುಡಬ್ಲ್ಯುಪಿ ಎಂಬ ಸಮಾನ ನೆಲೆಯನ್ನು ಪರಿಚಯಿಸಲಾಯಿತು. ಡೆಸ್ಕ್‌ಟಾಪ್, ಫೋನ್, ಎಕ್ಸ್‌ಬಾಕ್ಸ್ ಎಲ್ಲದರಲ್ಲೂ ಒಂದೇ ಆಪ್ ಓಡಬೇಕೆಂಬುದು ಇದರ ಆಶಯ. ಎರಡು ಮೂರು ವರ್ಷಗಳಲ್ಲಿ 100 ಕೋಟಿ ಸಾಧನಗಳಲ್ಲಿ ವಿಂಡೋಸ್ 10 ಇರಲಿದೆ ಎಂದು ಕಂಪನಿ ಹೇಳಿತ್ತು.

ಬರವಣಿಗೆಯ ಮಟ್ಟದಲ್ಲಿ ಹೊಂದಾಣಿಕೆ ಗಣನೀಯವಾಗಿ ಸುಧಾರಿಸಿತು ಎಂಬುದು ನಿಜ. ಆದರೂ ಸಾಧನಗಳ ನಡುವಿನ ವ್ಯತ್ಯಾಸ ಮಾಯವಾಗುವಂಥದ್ದಲ್ಲ. ಫೋನಿನಲ್ಲಿರುವ ‘ಹಿಂದೆ’ ಎಂಬ ಗುಂಡಿ ಡೆಸ್ಕ್‌ಟಾಪ್‌ನಲ್ಲಿಲ್ಲ. ಆ ಗುಂಡಿಯ ಎಪಿಐ ಇದೆಯೇ ಎಂದು ಮೊದಲು ಕೇಳದೆ ಅದನ್ನು ಬಳಸಿದ ಆಪ್ ಡೆಸ್ಕ್‌ಟಾಪ್‌ನಲ್ಲಿ ತೆರೆದೊಡನೆ ಮುಚ್ಚಿಕೊಳ್ಳುತ್ತಿತ್ತು. ಪರೀಕ್ಷೆಯ ಹಂತದಲ್ಲಿ ಸರಿಯಾಗಿ ಓಡಿದ ಆಪ್, ಮಳಿಗೆಗೆ ಸಿದ್ಧಪಡಿಸಿದ ಅಂತಿಮ ರೂಪದಲ್ಲಿ ಮುಗ್ಗರಿಸುವುದೂ ಇತ್ತು. ಅಂತಿಮ ರೂಪವನ್ನು ಡಾಟ್ ನೆಟ್ ನೇಟಿವ್ ಎಂಬ ಬೇರೆ ಕ್ರಮದಲ್ಲಿ ಕಂಪೈಲ್ ಮಾಡುವಾಗ, ಬಳಕೆಯಾಗದೆಂದು ಕಂಡ ಭಾಗಗಳನ್ನು ಕಿತ್ತುಹಾಕುತ್ತಿದ್ದುದೇ ಇದಕ್ಕೆ ಕಾರಣ.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಬೇರೆಯಿತ್ತು. ಯುಡಬ್ಲ್ಯುಪಿ ಆಪ್ ವಿಂಡೋಸ್ 7ರಲ್ಲಿ ಓಡುತ್ತಿರಲಿಲ್ಲ. 2020ರ ಜನವರಿ 14ರವರೆಗೆ ಬೆಂಬಲವಿದ್ದ ವಿಂಡೋಸ್ 7 ಕಚೇರಿಗಳಲ್ಲಿ ಬೇರೂರಿತ್ತು. ಅಲ್ಲಿನ ಗ್ರಾಹಕರನ್ನು ಬಿಟ್ಟುಕೊಡಲಾಗದ ತಯಾರಕರು ಹಳೆಯ ಡೆಸ್ಕ್‌ಟಾಪ್ ಕ್ರಮದಲ್ಲಿಯೇ ಮುಂದುವರಿದರು. ಫೋನಿನ ಕಡೆಯಲ್ಲಿಯೂ ಲೂಮಿಯಾ 520ರಂತಹ 512 ಎಂಬಿ ಸ್ಮೃತಿಯ ಜನಪ್ರಿಯ ಫೋನುಗಳಿಗೆ ವಿಂಡೋಸ್ 10 ಮೊಬೈಲ್ ದೊರೆಯಲಿಲ್ಲ. ಎರಡೂ ಕಡೆ ಓಡಬೇಕಿದ್ದ ಆಪ್‌ಗೆ ಎರಡೂ ಕಡೆಯ ದೊಡ್ಡ ಬಳಕೆದಾರ ಸಮುದಾಯ ಕೈತಪ್ಪಿತು. ಬಳಕೆದಾರರಿಲ್ಲವೆಂದು ಆಪ್ ಬರಲಿಲ್ಲ, ಆಪ್ ಇಲ್ಲವೆಂದು ಬಳಕೆದಾರರು ಬರಲಿಲ್ಲ. ಆಂಡ್ರಾಯ್ಡ್ ಆಪ್‌ಗಳನ್ನು ವಿಂಡೋಸ್ ಫೋನಿನಲ್ಲಿ ಓಡಿಸಲು 2015ರಲ್ಲಿ ಪ್ರಕಟಿಸಿದ್ದ ಆಸ್ಟೋರಿಯಾ ಯೋಜನೆಯನ್ನು 2016ರ ಫೆಬ್ರವರಿಯಲ್ಲಿ ಕೈಬಿಡಲಾಯಿತು.

ನೋಕಿಯಾದ ಫೋನ್ ವಿಭಾಗವನ್ನು ಸುಮಾರು 720 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ 2013ರಲ್ಲಿ ಪ್ರಕಟಿಸಿದ್ದ ಮೈಕ್ರೋಸಾಫ್ಟ್, 2015ರ ಜುಲೈನಲ್ಲಿ 760 ಕೋಟಿ ಡಾಲರ್ ನಷ್ಟ ತೋರಿಸಿ 7,800 ಹುದ್ದೆಗಳನ್ನು ರದ್ದುಗೊಳಿಸಿತ್ತು. 100 ಕೋಟಿಯ ಗುರಿಯನ್ನು ವಿಂಡೋಸ್ 10 ಮುಟ್ಟಿದ್ದು 2020ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ವಿಂಡೋಸ್ 10 ಮೊಬೈಲ್‌ಗೆ ಬೆಂಬಲ ನಿಂತು ಎರಡು ತಿಂಗಳಾಗಿತ್ತು.

ಕನ್ನಡಕ್ಕೂ ತಟ್ಟಿದ ಬಿಸಿ

ನೆಲೆ ಬದಲಾದಾಗ ಆಪ್ ಮಾತ್ರವಲ್ಲ, ಅದರಲ್ಲಿ ಬರೆದಿಟ್ಟ ಪಠ್ಯವೂ ಅಪಾಯಕ್ಕೆ ಸಿಲುಕುತ್ತದೆ ಎಂಬುದಕ್ಕೆ ಕನ್ನಡವೇ ಉತ್ತಮ ನಿದರ್ಶನ. ವಿಂಡೋಸ್ 98ರಲ್ಲಿ ಯುನಿಕೋಡ್ ಕನ್ನಡಕ್ಕೆ ಬೆಂಬಲವಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಅಕ್ಷರಶೈಲಿಯೊಂದಿಗೆ ಅದು ಮೊದಲ ಬಾರಿಗೆ ದೊರೆಯಿತು. ಅಲ್ಲಿಯವರೆಗೆ, ಆಮೇಲೂ ಬಹುಕಾಲ, ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಅಕ್ಷರಶೈಲಿಗಳಲ್ಲಿಯೇ ಕನ್ನಡದ ಕೆಲಸ ನಡೆಯಿತು. ನುಡಿ, ಬರಹ ತಂತ್ರಾಂಶಗಳ ಹಳೆಯ ಕ್ರಮದ ಕಡತಗಳು ಇಂಥವೇ. ಆ ಕಾಲದಲ್ಲಿ ಗಣಕದಲ್ಲಿ ಕನ್ನಡ ಮೂಡಿಸಿದ್ದು ಈ ತಂತ್ರಾಂಶಗಳೇ ಎಂಬುದನ್ನು ಮರೆಯುವಂತಿಲ್ಲ. (ಈಗ ಎರಡರಲ್ಲಿಯೂ ಯುನಿಕೋಡ್ ಸೌಲಭ್ಯವಿದೆ.)

ಅಂತಹ ಕಡತವನ್ನು ಮೊಬೈಲ್‌ನಲ್ಲಿ ತೆರೆದರೆ ಆ ಅಕ್ಷರಶೈಲಿ ಅಲ್ಲಿಲ್ಲದ ಕಾರಣ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಪರಿವರ್ತಿಸುವುದೂ ಅಕ್ಷರಕ್ಕೆ ಅಕ್ಷರ ಬದಲಿಸಿದಷ್ಟು ಸುಲಭವಲ್ಲ. ‘ಸೂರ್ಯ’ ಎಂಬ ಪದದಲ್ಲಿ ಹಳೆಯ ಕ್ರಮವು ಕಣ್ಣಿಗೆ ಕಂಡಂತೆ ಮೊದಲು ‘ಯ’, ಅನಂತರ ಅರ್ಕಾವೊತ್ತನ್ನು ದಾಖಲಿಸುತ್ತದೆ. ಯುನಿಕೋಡ್ ಉಚ್ಚಾರಣೆಯಂತೆ ‘ರ್’ ಅನ್ನು ಮೊದಲು, ‘ಯ’ ಅನ್ನು ಅನಂತರ ಇಡುತ್ತದೆ. ಪರಿವರ್ತಕ ತಂತ್ರಾಂಶವು ಈ ಕ್ರಮವನ್ನು ತಿರುವುಮುರುವು ಮಾಡದಿದ್ದರೆ ಹೆಸರುಗಳೇ ತಪ್ಪಾಗುತ್ತವೆ. ಪಹಣಿ, ಸದಸ್ಯರ ಪಟ್ಟಿ, ಫಲಾನುಭವಿಗಳ ಪಟ್ಟಿಗಳಂತಹ ದಾಖಲೆಗಳಲ್ಲಿ ಹೆಸರು ತಪ್ಪಾದರೆ ಅದರ ಪರಿಣಾಮ ಏನೆಂಬುದನ್ನು ವಿವರಿಸಬೇಕಿಲ್ಲ. ಆಂಡ್ರಾಯ್ಡ್ ವ್ಯವಸ್ಥೆಗೆ ಕನ್ನಡದ ಬೆಂಬಲ ಬಂದದ್ದು 2012ರಲ್ಲಿ, 4.1ನೇ ಆವೃತ್ತಿಯೊಂದಿಗೆ. ಯುನಿಕೋಡ್‌ನಲ್ಲಿ ಬರೆದಿಟ್ಟಿದ್ದ ಪಠ್ಯ ಅಂದು ಯಾವ ಪರಿವರ್ತನೆಯೂ ಇಲ್ಲದೆ ಫೋನಿಗೆ ಸಾಗಲು ಸಿದ್ಧವಾಗಿತ್ತು.

ಈಗಿನ ಸ್ಥಿತಿ

ಇಂದು ಡೆಸ್ಕ್‌ಟಾಪ್ ಮತ್ತು ಮೊಬೈಲ್ ಎಂದರೆ ವಿಂಡೋಸ್, ಆಂಡ್ರಾಯ್ಡ್, ಐಒಎಸ್ ಎಂದೇ ಅರ್ಥ. ಈ ಮೂರನ್ನೂ ಒಂದೇ ಭಾಷೆಯಿಂದ ತಲುಪಲು ಮೈಕ್ರೋಸಾಫ್ಟ್ 2016ರಲ್ಲಿ ಝಾಮರಿನ್ ಕಂಪನಿಯನ್ನು ಕೊಂಡಿತು. ಅದರ ಉತ್ತರಾಧಿಕಾರಿಯಾಗಿ 2022ರಲ್ಲಿ ಡಾಟ್ ನೆಟ್ ಮಾವಿ ಬಂದಿತು. 2024ರ ಮೇ 1ರಂದು ಝಾಮರಿನ್‌ಗೆ ಬೆಂಬಲ ನಿಂತಿತು. ಬ್ರೌಸರ್‌ಗಳಲ್ಲಿ ಒಂದು ಕಾಲದಲ್ಲಿ ಮೆರೆದಿದ್ದ ಸಿಲ್ವರ್‌ಲೈಟ್‌ನ ಬೆಂಬಲ 2021ರ ಅಕ್ಟೋಬರ್‌ನಲ್ಲಿಯೇ ಕೊನೆಗೊಂಡಿದೆ. ಯುಡಬ್ಲ್ಯುಪಿಯಲ್ಲಿ ಬರೆದವರನ್ನು ವಿಂಡೋಸ್ ಆಪ್ ಎಸ್‌ಡಿಕೆ ಎಂಬ ಮತ್ತೊಂದು ನೆಲೆಯತ್ತ ಸಾಗುವಂತೆ ಕರೆಯಲಾಗುತ್ತಿದೆ.

ಮೊಬೈಲ್‌ನ ಅಸ್ಥಿರತೆ ಮೈಕ್ರೋಸಾಫ್ಟ್‌ಗೆ ಮಾತ್ರ ಸೀಮಿತವಲ್ಲ. ಆಪಲ್ 2017ರಲ್ಲಿ ಐಒಎಸ್ 11ರೊಂದಿಗೆ 32 ಬಿಟ್ ಆಪ್‌ಗಳನ್ನು ಪೂರ್ತಿಯಾಗಿ ಕೈಬಿಟ್ಟಿತು. ಗೂಗಲ್ ಪ್ಲೇ ಮಳಿಗೆಯಲ್ಲಿ ಹೊಸ ಆಪ್ ಅಥವಾ ಪರಿಷ್ಕರಣೆ ಸಲ್ಲಿಸುವವರು ಇತ್ತೀಚಿನ ಆಂಡ್ರಾಯ್ಡ್ ಆವೃತ್ತಿಯನ್ನು ಗುರಿಯಾಗಿಟ್ಟುಕೊಂಡಿರಲೇಬೇಕು. ಈ ಗೆರೆ ವರ್ಷವರ್ಷವೂ ಮೇಲಕ್ಕೆ ಸರಿಯುತ್ತದೆ. ಡೆಸ್ಕ್‌ಟಾಪ್ ತಂತ್ರಾಂಶವನ್ನು ಒಮ್ಮೆ ಬರೆಸಿ ಹತ್ತು ವರ್ಷ ಬಳಸಬಹುದು, ಮೊಬೈಲ್ ಆಪ್‌ಗೆ ವರ್ಷಂಪ್ರತಿ ದುರಸ್ತಿಯ ಖರ್ಚು ತಪ್ಪಿದ್ದಲ್ಲ.

ಡೆಸ್ಕ್‌ಟಾಪ್‌ನಲ್ಲಿಯೂ ಹೊಸ ಬದಲಾವಣೆ ಆರಂಭವಾಗಿದೆ. ಆರ್ಮ್ ಪ್ರೊಸೆಸರ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳು 2024ರಿಂದ ಹೆಚ್ಚಿನ ಸಂಖ್ಯೆಯಲ್ಲಿ ಬರುತ್ತಿವೆ. ಸರ್ಫೇಸ್ ಆರ್‌ಟಿಯ ಪಾಠ ಕಲಿತ ಕಂಪನಿ, ಇಂಟೆಲ್‌ಗಾಗಿ ಬರೆದ ತಂತ್ರಾಂಶಗಳನ್ನು ಅನುಕರಣೆಯ ಮೂಲಕ ಇವುಗಳಲ್ಲಿ ಓಡಿಸುತ್ತದೆ. ಆದರೆ ಸಾಧನಚಾಲಕಗಳು, ಅಂದರೆ ಡ್ರೈವರ್‌ಗಳು, ಆರ್ಮ್‌ಗೆಂದೇ ಬರೆದವಾಗಿರಬೇಕು. ಹಳೆಯ ಮುದ್ರಕ ಅಥವಾ ಬೆರಳಚ್ಚು ಯಂತ್ರವನ್ನು ನೆಚ್ಚಿಕೊಂಡ ಕಚೇರಿಗಳು ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಇದನ್ನು ವಿಚಾರಿಸುವುದು ಒಳಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಗಣಕ ಬದಲಿಸುವ ಪ್ರಶ್ನೆ ಅನೇಕರ ಮುಂದಿದೆ.

ಕೇಳಬೇಕಾದ ಪ್ರಶ್ನೆಗಳು

ಎರಡು ದಶಕಗಳ ಈ ಏರಿಳಿತದಲ್ಲಿ ಕಡಿಮೆ ನಷ್ಟ ಅನುಭವಿಸಿದವರು ಒಂದು ಕ್ರಮವನ್ನು ಪಾಲಿಸಿದವರು. ತೆರಿಗೆ ಲೆಕ್ಕ, ಬಡ್ಡಿ ಲೆಕ್ಕ, ದಾಸ್ತಾನಿನ ನಿಯಮ ಮುಂತಾದ ವ್ಯವಹಾರದ ತಿರುಳನ್ನು ಅವರು ಪರದೆ, ಕಡತ, ಮುದ್ರಣಗಳ ಭಾಗದಿಂದ ಬೇರ್ಪಡಿಸಿ ಇಟ್ಟರು. ನೆಲೆ ಬದಲಾದಾಗ ಹೊರಪದರ ಮಾತ್ರ ಹೊಸದಾಯಿತು, ತಿರುಳು ಉಳಿಯಿತು. ಬಟನ್ ಒತ್ತಿದಾಗ ನಡೆಯುವ ಆದೇಶದೊಳಗೇ ಬಡ್ಡಿಯ ಸೂತ್ರವನ್ನೂ ಬರೆದವರು ಪ್ರತಿ ಬಾರಿಯೂ ಮೊದಲಿನಿಂದ ಆರಂಭಿಸಬೇಕಾಯಿತು.

ತಂತ್ರಾಂಶ ಬರೆಸುವ ಸಂಸ್ಥೆಗಳಿಗೆ ಈ ಒಳರಚನೆ ಕಾಣುವುದಿಲ್ಲ. ಆದರೆ ಹಣ ಕೊಡುವ ಮುನ್ನ ಅವರು ಕೇಳಬಹುದಾದ ಪ್ರಶ್ನೆಗಳಿವೆ. ಇದು ಯಾವ ಯಾವ ಆವೃತ್ತಿಗಳಲ್ಲಿ, ಯಾವ ಪ್ರೊಸೆಸರ್‌ಗಳಲ್ಲಿ ಓಡುತ್ತದೆ? ಬಳಸಿರುವ ಚೌಕಟ್ಟಿಗೆ ಎಲ್ಲಿಯವರೆಗೆ ಬೆಂಬಲವಿದೆ? ಕನ್ನಡ ಪಠ್ಯ ಯುನಿಕೋಡ್‌ನಲ್ಲಿದೆಯೇ? ದತ್ತಾಂಶವನ್ನು ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ಹೊರತೆಗೆಯಬಹುದೇ? ಮೂಲ ಬರವಣಿಗೆ, ಅಂದರೆ ಸೋರ್ಸ್ ಕೋಡ್, ಯಾರ ಬಳಿ ಇರುತ್ತದೆ? ಈ ಐದಕ್ಕೂ ಲಿಖಿತ ಉತ್ತರ ಪಡೆದಿಟ್ಟುಕೊಂಡವರಿಗೆ ಮುಂದೆ ನೆಲೆ ಬದಲಾದರೂ ವರ್ಷಗಟ್ಟಲೆ ಕೂಡಿಟ್ಟ ಲೆಕ್ಕ, ಹೆಸರು, ದಾಖಲೆಗಳು ಕೈತಪ್ಪುವುದಿಲ್ಲ.